ಔಡಲೆಣ್ಣೆ ಹಚ್ಚಿದ ಚಪ್ಪಲಿಯ ವಾಸನೆ

ನಾನು ತಾಂಡೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವಾಕಿ. ಯಾರಾದರೂ ದೆವ್ವ, ಗಾಳಿ, ಪೂರ್ವಜನ್ಮ ಅಂತ ಶುರು ಮಾಡಿದರೆ "ಸಾಕ್ ಬಿಡ್ರಿ" ಅಂದು ಎದ್ದು ಹೋಗುವ ಪೈಕಿ. ಆದರೂ ಇದೊಂದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮ್ಮ ಮರ್ಜಿ.

ಹದಿನಾರನೇ ವಯಸ್ಸಿನಿಂದ ನನಗೆ ಫಿಟ್ಸ್ ಬರುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ಏನೋ ವಾಸನೆ ಮೂಗಿಗೆ ಬಡಿಯುತ್ತಿತ್ತು. ಪಕ್ಕದವರಿಗೆ ಬಾರದು, ಯಾವುದರದೆಂದು ನನಗೂ ತಿಳಿಯದು. ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಕಿವಿಯ ಮೇಲ್ಭಾಗದ ಮೆದುಳಿನಲ್ಲಿ ಒಂದು ಕಲೆ ಇದೆ ಅಂದರು. ಕೂಸಿದ್ದಾಗ ಜ್ವರದಲ್ಲಿ ಬಹಳ ಹೊತ್ತು ಫಿಟ್ಸ್ ಆದರೆ ಇಂಥ ಕಲೆ ಉಳಿಯಬಹುದು, ವರ್ಷಗಳ ಮೇಲೆ ಆ ಕಲೆಯೇ ಮತ್ತೆ ಫಿಟ್ಸ್ ತರಬಹುದು ಎಂದು ತಿಳಿಸಿ, ಹಾಗೇನಾದರೂ ಆಗಿತ್ತೇ ಅಂತ ಅವ್ವನನ್ನು ಕೇಳಿದರು. "ಇಲ್ರಿ, ಅಂಥಾದ್ದೇನೂ ಆಗಿಲ್ರಿ" ಅಂದಳು ಅವ್ವ.

ಮರುವಾರ ಅವ್ವನ ತವರು ನಾರಾಯಣಖೇಡಕ್ಕೆ ಹೊರಟು, ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆವು. ಬದಿಯಲ್ಲಿ ಒಬ್ಬ ಮುದುಕ ತನ್ನ ತೊಗಲಿನ ಚಪ್ಪಲಿಗೆ ಔಡಲೆಣ್ಣೆ ತಿಕ್ಕುತ್ತಿದ್ದ. ಅದೇ ವಾಸನೆ ಮೂಗಿಗೆ ಬಡಿಯಿತು. ಫಿಟ್ಸ್ ಬಂತೆಂದು ಬೆಂಚು ಹಿಡಿದೆ. ಬರಲಿಲ್ಲ.

"ಅವ್ವಾ, ನನಗ ಬರೋ ವಾಸನಿ ಇದೇ ನೋಡು. ಔಡಲೆಣ್ಣಿ ಹಚ್ಚಿದ ಚಪ್ಪಲಿದು."

ಅವ್ವ ಗಕ್ಕನೆ ನನ್ನ ಕಡೆ ತಿರುಗಿದಳು. "ನಿನಗ ಯಾರ್ ಹೇಳ್ಯಾರ?" ಅಂದಳು.

ಆಮೇಲೆ ಅಳುತ್ತಲೇ ಹೇಳಿದಳು. ನನಗಾಗ ವರ್ಷವೂ ತುಂಬಿರಲಿಲ್ಲ. ತವರಿನಲ್ಲಿ ಜ್ವರ ಏರಿ ಫಿಟ್ಸ್ ಬಂತು. ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಹುಡುಕಿದರೆ, ಶ್ರಾವಣವಾದ್ದರಿಂದ ಮನೆಯಲ್ಲಿ ಒಂದೂ ಇರಲಿಲ್ಲ. ಬಾಗಿಲಲ್ಲಿದ್ದ ಅಜ್ಜನ ಚಪ್ಪಲಿ ತಂದು ಹಿಡಿದಳು. ಆವತ್ತೇ ಎಣ್ಣೆ ಹಚ್ಚಿಟ್ಟಿದ್ದರಂತೆ.

"ಈಗ ನಿಲ್ತದ, ಈಗ ನಿಲ್ತದ ಅಂತ ತಾಸ್ ಹೊತ್ತು ಹಿಡಕೊಂಡು ಕುಂತೆ. ದವಾಖಾನಿಗಿ ಒಯ್ಯಲಿಲ್ಲ. ನಾಳಿ ನಿನ್ನ ಲಗ್ನಕ್ಕ ಅಡ್ಡಿ ಆಗ್ತದಂತ ಯಾರ ಮುಂದೂ ಬಾಯಿ ಬಿಡಲಿಲ್ಲ. ಆ ಕಲಿ ನಾನೇ ಮಾಡಿದ್ದವ್ವಾ."

ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಇದನ್ನೆಲ್ಲ ಡಾಕ್ಟರಿಗೆ ತಿಳಿಸಿದೆ. ಕಲೆಗೆ ಆ ಜ್ವರವೇ ಕಾರಣವಿರಬಹುದು, ಖಚಿತವಾಗಿ ಹೇಳಲಾಗದು ಅಂದರು. ವಾಸನೆ ಬರುವುದೂ ಹೊಸದಲ್ಲ, ಫಿಟ್ಸ್‌ಗೆ ಮೊದಲು ಕೆಲವರಿಗೆ ಹಾಗೆ ಬರುತ್ತದಂತೆ. ಆದರೆ ವರ್ಷ ತುಂಬದ ಕೂಸಿಗೆ ಅಂಥ ನೆನಪು ಉಳಿಯುವುದಿಲ್ಲ ಅಂದರು. ಹಾಗಾದರೆ ಅದೇ ಚಪ್ಪಲಿಯ ವಾಸನೆ ಯಾಕೆ ಅಂತ ಕೇಳಿದೆ. ಡಾಕ್ಟರು ಗುಳಿಗೆ ಬದಲಿಸಿ ಬರೆದುಕೊಟ್ಟರು. ನಾನೂ ಸಾಕಷ್ಟು ಓದಿ ನೋಡಿದೆ, ನನಗಂತೂ ಬಗೆಹರಿದಿಲ್ಲ.

ಈಗ ಗುಳಿಗೆಯಿಂದ ಫಿಟ್ಸ್ ನಿಂತಿದೆ. ಅಪರೂಪಕ್ಕೆ ವಾಸನೆ ಬಂದರೂ ಫಿಟ್ಸ್ ಆಗದೆ ಹೋಗುತ್ತದೆ. ಡಾಕ್ಟರಿಗೆ ತಪ್ಪದೆ ಹೇಳುತ್ತೇನೆ. ಅವ್ವ ಫೋನಿನಲ್ಲಿ, "ಆ ವಾಸನಿ ಬಂದಿತ್ತೇನವ್ವಾ?" ಅಂತ ಕೇಳುತ್ತಾಳೆ.

"ಇಲ್ಲವ್ವಾ, ಅದು ಹೋಗೇ ಬಿಟ್ಟದ" ಅನ್ನುತ್ತೇನೆ. ಮೊನ್ನೆ ಹಾಗೆ ಹೇಳುತ್ತಿದ್ದಾಗಲೂ ಅದು ನನ್ನ ಮೂಗಿನಲ್ಲಿತ್ತು.