ಉಳುಕು ತೆಗೆಯುವ ಗಿರಿಜಮ್ಮನ ಬೆನ್ನು

ಕೋವಿಡ್ ಮುಗಿದ ಮರುವರ್ಷದ ಮಾತು. ಆಗ ನಾನು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಭದ್ರಾವತಿಯಿಂದ ಗಿರಿಜಮ್ಮ ಎಂಬವರು ಸೊಸೆ ಸುಮಾಳ ಜೊತೆ ಬಂದರು. ಹೆಗಲ ಹಿಂದಿನ ಅಗಲ ಮೂಳೆಗೂ ಬೆನ್ನುಮೂಳೆಗೂ ನಡುವೆ, ಎಡಗಡೆ, ವಿಪರೀತ ನೋವು.

"ಮೊನ್ನೆ ಇವ್ರ ಕೈಯಿಂದ ಮಗು ಜಾರ್ತು ಮೇಡಂ. ನಾನು ಪಕ್ಕದಲ್ಲೇ ಇದ್ದೆ, ಹಿಡ್ಕೊಂಡೆ," ಎಂದಳು ಸುಮಾ. ಅವತ್ತಿನಿಂದ ಅವಳು ಮಗುವನ್ನು ಅತ್ತೆಯ ಕೈಗೆ ಕೊಟ್ಟಿರಲಿಲ್ಲ.

ಗಿರಿಜಮ್ಮ ಗೋಡೆ ನೋಡುತ್ತಾ, "ಮೊಮ್ಮಗಳನ್ನ ಎತ್ಕೊಳ್ಳೋ ಹಾಗಾದ್ರೆ ಸಾಕು, ಬೇರೇನೂ ಬೇಡ" ಎಂದರು.

ಎಡಗಡೆಯ ನೋವೆಂದರೆ ಮೊದಲು ಹೃದಯದ ಕಡೆ ನೋಡಬೇಕು. ಎದೆ ಬಿಗಿತ, ಉಸಿರಾಟದ ತೊಂದರೆ, ಬೆವರು ಇದ್ದರಂತೂ ನನ್ನಂಥವರ ಹತ್ತಿರ ಬರದೆ ನೇರ ಆಸ್ಪತ್ರೆಗೆ ಹೋಗಬೇಕು. ಫಿಜಿಶಿಯನ್ ಹತ್ತಿರ ಕಳಿಸಿ ಇಸಿಜಿ ಮಾಡಿಸಿದೆ, ಸರಿಯಿತ್ತು. ಆಮೇಲೆ ಬೆರಳಿಟ್ಟು ಒತ್ತಿದಾಗ ರಾಂಬಾಯ್ಡ್ ಸ್ನಾಯು ಸಿಕ್ಕಿತು. ಹೆಗಲ ಮೂಳೆಯನ್ನು ಬೆನ್ನುಮೂಳೆಯತ್ತ ಎಳೆದು ಹಿಡಿಯುವ ಸ್ನಾಯು ಅದು. ಗಂಟು ಕಟ್ಟಿಕೊಂಡಿತ್ತು.

ಶಾಖ ಕೊಟ್ಟೆ, ಗಂಟು ಸಡಿಲಿಸಿದೆ, ಗೋಡೆಗೆ ಕೈಯೂರಿ ಮಾಡುವ ವ್ಯಾಯಾಮ ಹೇಳಿಕೊಟ್ಟೆ. ಶನಿವಾರದ ಹೊತ್ತಿಗೆ ಬೆನ್ನು ಹಗುರ. ಸೋಮವಾರ ಬಂದರೆ ಮತ್ತೆ ಅದೇ ಗಂಟು! ವಾರ ವಾರ ಇದೇ ಕತೆ. ನನಗೆ ಮೊದಲೇ ತಾಳ್ಮೆ ಕಮ್ಮಿ, ತಲೆ ಕೆಟ್ಟು ಹೋಯಿತು. ಏನು ಕೆಲಸ ಮಾಡುತ್ತೀರಿ, ಎಷ್ಟು ಭಾರ ಎತ್ತುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೆದಕಿ ಕೆದಕಿ ಕೇಳಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಒಂದರಲ್ಲೂ ಸುಳಿವಿಲ್ಲ. ಅಷ್ಟರಲ್ಲಿ ಸುಮಾ, ಇಲ್ಲಿ ಮಗು ಎತ್ತಿಕೊಳ್ಳುವವರಿಲ್ಲ ಎಂದು, ಅದನ್ನು ಕರೆದುಕೊಂಡು ತವರಿಗೆ ಹೋಗುವ ಮಾತೆತ್ತಿದಳು. ಎಲ್ಲಿ ತಪ್ಪುತ್ತಿದೆ ಎನ್ನುವುದು ಊಟಕ್ಕೆ ಕೂತರೂ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ಭಾನುವಾರ ಭದ್ರಾವತಿಯಲ್ಲಿ ನೆಂಟರ ಮನೆ ನಾಮಕರಣವಿತ್ತು. ಊಟ ಮುಗಿಸಿ ಸೀದಾ ಗಿರಿಜಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಐದಾರು ಜನ ಕಾಯುತ್ತಿದ್ದರು, ಭಾನುವಾರ ಬಂತೆಂದರೆ ಹೀಗೇ ಅಂತೆ. ಒಳಗೆ ದಢೂತಿ ಆಸಾಮಿಯೊಬ್ಬ ಬೆನ್ನು ಬಗ್ಗಿಸಿ ನಿಂತಿದ್ದ. ಗಿರಿಜಮ್ಮ ಎಡಗೈ ಮೇಲೆತ್ತಿ ಕಿಟಕಿಯ ಸರಳಿಗೆ ಜೋತುಬಿದ್ದು, ಒಂಟಿ ಕಾಲಲ್ಲಿ ನಿಂತು, ಬಲಗಾಲಲ್ಲಿ ಅವನ ಸೊಂಟಕ್ಕೆ ಒದೆಯುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅವರು ಹಾಗೆ ಹುಟ್ಟಿದವರು.

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ ಗಿರಿಜಮ್ಮ?"

"ಕೆಲ್ಸ ಏನ್ ಮಾಡ್ತೀರ ಅಂತ ಕೇಳಿದ್ರಿ. ಇದು ಕೆಲ್ಸ ಅಲ್ವಲ್ಲ ಮೇಡಂ."

ಒಂದೊಂದು ಒದೆತಕ್ಕೂ ಮೈಭಾರವೆಲ್ಲ ಆ ಎಡಗೈ ಮೇಲೆ ಬಿದ್ದು, ಹೆಗಲ ಮೂಳೆ ಜಗ್ಗುತ್ತಿತ್ತು. ಇದನ್ನು ನಿಲ್ಲಿಸದೆ ಗುಣವಾಗುವುದಿಲ್ಲ ಎಂದೆ.

"ಬಾಗ್ಲಿಗೆ ಬಂದೋರನ್ನ ಹೆಂಗೆ ವಾಪಸ್ ಕಳ್ಸಲಿ?" ಎಂದರು.

ಒಳಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಸುಮಾ, "ಹಂಗಾದ್ರೆ ಅವ್ರನ್ನೇ ಎತ್ಕೊಳ್ಳಿ ಅತ್ತೆ" ಎಂದಳು.

ಗಿರಿಜಮ್ಮನ ಮುಖ ಸಪ್ಪಗಾಯಿತು. ಊರಿಗೆಲ್ಲ ಬೇಕಾದ ಹೆಂಗಸು ಅವರು, ಅದನ್ನು ಬಿಡುವುದು ಸುಲಭವಲ್ಲ. ಕೊನೆಗೆ ಅವರು ಸರಳು ಬಿಟ್ಟು, "ಇನ್ಮೇಲೆ ಇಲ್ಲಪ್ಪ, ಡಾಕ್ಟ್ರ ಹತ್ರ ಹೋಗಿ" ಎಂದರು.

"ನಂದೊಂದು ಮುಗಿಸ್ಬಿಡಿ ಗಿರಿಜಕ್ಕ," ಎಂದ ಆಸಾಮಿ, ಬಗ್ಗಿಕೊಂಡೇ.

"ಏಳು ಮಾರಾಯ, ನಾನು ನೋಡ್ತೀನಿ," ಎಂದು ಅವನನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದೆ.

ಆಮೇಲೆ ಬಂದ ಸೋಮವಾರಗಳಲ್ಲಿ ಗಂಟು ಕರಗುತ್ತಾ ಬಂತು. ಶಾಖ, ವ್ಯಾಯಾಮ ಎಲ್ಲ ಮೊದಲಿನವೇ. ನೋವು ಎಲ್ಲಿದೆ ಎಂದು ಕೇಳಿದರೆ ಸಾಲದು, ಕೆಲಸವೆಂದು ಯಾರೂ ಕರೆಯದ ಯಾವ ಕೆಲಸ ಆ ಕೈ ಮಾಡುತ್ತಿದೆ ಎಂದೂ ಕೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ.

ಕೊನೆಯ ಸಲ ಬಂದಾಗ ಗಿರಿಜಮ್ಮ, ನೋವು ಪೂರಾ ಹೋಗಿದೆ ಎಂದರು. ನಾನು ಸುಮಾಳ ಮುಖ ನೋಡಿದೆ. ಅವಳು ಮಗುವನ್ನು ಅತ್ತೆಯ ತೋಳಿಗೆ ಕೊಟ್ಟಳು. ಕೊಟ್ಟ ಮೇಲೂ ತನ್ನ ಕೈಗಳನ್ನು ಮಗುವಿನ ಕೆಳಗೇ ಹಿಡಿದಿದ್ದಳು. ಆಮೇಲೆ ಮೆಲ್ಲಗೆ ತೆಗೆದಳು.