ಇಬ್ಬರ ರಕ್ಷಣಾ ಒಪ್ಪಂದ

ಎರಡು ದೇಶಗಳು ರಕ್ಷಣಾ ಒಪ್ಪಂದ ಮಾಡಿಕೊಂಡ ಸುದ್ದಿಯನ್ನು ಕೈಲಾಂಚದ ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದವನು ನಾನೇ. ಒಂದರ ಮೇಲೆ ದಾಳಿಯಾದರೆ ಎರಡರ ಮೇಲೂ ದಾಳಿಯಾದಂತೆ. ಪಕ್ಕದ ಹೊಲದ ಗೆಳೆಯನಿಗೆ ಅದು ಬಹಳ ಹಿಡಿಸಿತು. "ನಾವೂ ಹಂಗೇ ಇರಾನ ಕಣ್ಲಾ," ಎಂದು ಕೈ ಕುಲುಕಿದ. ಯಾವ ದೇಶದಲ್ಲಿ ಗುಂಡು ಹಾರಿದರೂ ನಿದ್ದೆಗೆಡುವ ನನಗೆ ಅಂದು ತುಸು ಧೈರ್ಯ ಬಂತು.

ವಾರದೊಳಗೆ ಅವನ ರೇಷ್ಮೆಹುಳುಗಳೆಲ್ಲ ಹಸಿರು ಕಕ್ಕಿ ಸತ್ತವು. ಹಿಪ್ಪುನೇರಳೆ ಸೊಪ್ಪಿಗೆ ಯಾರೋ ಹೊಡೆದ ಕೀಟನಾಶಕ ತಾಕಿತ್ತು. ಅವನು ಗುದ್ದಲಿ ಕಾವು ಹಿಡಿದು, ಆಚೆ ಬದಿಯ ಟೊಮೆಟೊ ಬೆಳೆಗಾರನ ಮೇಲೆ ಬಿದ್ದ. ಒಪ್ಪಂದದಂತೆ ನಾನು ಆ ಬಡಪಾಯಿಯ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದೆ. ಎರಡನೇ ಏಟಿಗೇ ಟೊಮೆಟೊದವನ ಹುಬ್ಬು ಸೀಳಿ ರಕ್ತ ನನ್ನ ಅಂಗಿಗೆ ಚಿಮ್ಮಿತು.

"ನಾನ್ ಔಸ್ದಿ ಹೊಡ್ದೇ ಇಲ್ಲ ಕಣ್ರಪ್ಪೋ! ಮಾವಿನ್ ತೋಪಿಗೆ ಯಾರ್ ಹೊಡ್ಸುದ್ರು ಅಂತ ಕೇಳ್ರೋ!" ಎಂದು ಅವನು ಅರಚಿದ.

ಮಾವಿನ ತೋಪು ನನ್ನದು. ಜಿಗಿಹುಳುವಿಗೆಂದು ಔಷಧಿ ಹೊಡೆಸಿದ್ದೂ ನಾನೇ. ಜಗತ್ತಿನ ಚಿಂತೆಯಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿರಲಿಲ್ಲ. ಗುದ್ದಲಿ ಕಾವು ಮತ್ತೆ ಮೇಲೇರಿತು, ಈ ಸಲ ನೇರ ಟೊಮೆಟೊದವನ ತಲೆಯ ಮೇಲೆ. ನಾನು ಅವನ ಕೈ ಬಿಟ್ಟು, ನಡುವೆ ಬಂದು, "ಬುಡ್ಲಾ ಅವನ್ನ, ಹೊಡ್ಸಿದ್ದು ನಾನು!" ಎಂದೆ.

ಗೆಳೆಯ ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಹೊಡೆದ. ಒಪ್ಪಂದದ ಪ್ರಕಾರ ಅದು ಅವನ ಮೇಲೂ ಆದ ದಾಳಿಯೇ. ಹಲ್ಲು ಮಾತ್ರ ನನ್ನವೇ ಎರಡು ಉದುರಿದವು.