ಅತ್ತೆ ತೊಳೆದ ಉಲ್ಕಾಶಿಲೆ

ಮೂಡಬಿದಿರೆಯಲ್ಲಿ ಕಲ್ಲುಗಳ ಪಾಠ ಹೇಳಿಕೊಂಡು ಬದುಕುವ ನನಗೆ ಯಾವ ಬಂಡೆಯೂ ಭಯ ಹುಟ್ಟಿಸಿದ್ದಿಲ್ಲ. ನನ್ನ ನಿದ್ದೆಗೆಡಿಸಿದ್ದು ಮುಷ್ಟಿಗಾತ್ರದ ಒಂದು ಕಲ್ಲು. ಅದು ಲಾಯಿಲದ ಹತ್ತಿರ ನನ್ನ ಸೋದರಮಾವನ ಮನೆಯ ದನದ ಹಟ್ಟಿಗೆ, ಹಾಡಹಗಲೇ, ಹೆಂಚು ಒಡೆದುಕೊಂಡು ಬಿದ್ದಿತ್ತು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಾವ ಅದನ್ನು ದೈವದ ಕೋಣೆಯಲ್ಲಿ ಇಟ್ಟಾಗಿತ್ತು. ಅದಕ್ಕೂ ಮೊದಲು ಅತ್ತೆ, ದೀಪ ತಿಕ್ಕುವ ಹಾಗೆ, ಹುಣಸೆಹುಳಿ ಮತ್ತು ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದ್ದರು. ದೈವದ ಎದುರು ಕರಿ ಹಿಡಿದದ್ದನ್ನು ಇಡುವುದುಂಟೇ?

ಆ ಕರಿಯೇ ಕಲ್ಲು ಆಕಾಶದಿಂದ ಉರಿಯುತ್ತ ಬಂದದ್ದಕ್ಕೆ ಸಾಕ್ಷಿಯಾಗಿತ್ತು. ಅದು ಹೋದದ್ದು ಹೋಯಿತು. ಹುಳಿ, ಉಪ್ಪು ಒಳಗಿನ ಕಬ್ಬಿಣದ ಕಣಗಳಿಗೆ ತಾಗಿದರೆ ತುಕ್ಕು ಶುರುವಾಗುತ್ತದೆ. ನನಗೆ ಅಳುವೇ ಬಂತು. ಆದರೆ ಅತ್ತೆಯ ಸಂಭ್ರಮ ನೋಡಿ ನುಂಗಿಕೊಂಡೆ.

ಮುರಿದ ಮೂಲೆಯೊಂದನ್ನು ಭೂತಕನ್ನಡಿಯಲ್ಲಿ ನೋಡಿದೆ. ಬೂದು ಬಣ್ಣದ ನಡುವೆ ಉರುಟು ಕಾಳುಗಳು. ಶಾಸ್ತ್ರದಲ್ಲಿ ಅವು ಕಾಂಡ್ರೂಲ್, ನನ್ನ ಬಾಯಲ್ಲಿ ನಮ್ಮೂರ ಅಕ್ಕಿ ಉಂಡೆಯ ಹೆಸರು, ಪುಂಡಿ. ಪುಂಡಿಗಳ ನಡುವೆ, ಅಲ್ಲಿ ಇರಲೇಬಾರದ ಬೇರೆಯೇ ಜಾತಿಯ ಕಪ್ಪು ಚೂರು ಒಂದಿತ್ತು. ಇದು ಯಾವ ಬಗೆಯ ಉಲ್ಕೆ, ಆ ಚೂರಿಗೆ ಏನೆಂದು ಹೆಸರಿಡುವುದು ಎಂದು ತಿಳಿಯಲು ಕಲ್ಲನ್ನು ಕೊಯ್ಯಲೇಬೇಕಿತ್ತು.

ಮಾವ ಒಪ್ಪಿದರು. ಅತ್ತೆ ಒಪ್ಪಲಿಲ್ಲ.

"ದೈವ ಕೊಟ್ಟದ್ದನ್ನು ಗರಗಸಕ್ಕೆ ಕೊಡ್ಲಿಕ್ಕೆ ಉಂಟಾ? ನಾಳೆ ನಿನ್ನ ಮಾವನಿಗೆ ಎಂತಾದ್ರೂ ಆದ್ರೆ ಉತ್ತರ ಹೇಳ್ಲಿಕ್ಕೆ ನೀನು ಬರ್ತೀಯಾ?"

ತಡಮಾಡಿದಷ್ಟೂ ತುಕ್ಕು ಒಳಗಿಳಿಯುತ್ತದೆ ಎಂಬ ಚಿಂತೆ ಒಂದು ಕಡೆ, ಮಾವನ ಬಿಪಿ ಇನ್ನೊಂದು ಕಡೆ. ಕೊನೆಗೆ ಮಾವನ ಮಾತಿಗೆ ಅತ್ತೆ ಬಗ್ಗಿದರು, ಆದರೆ ದೈವದ ವಸ್ತು ಒಂಟಿಯಾಗಿ ಮನೆ ದಾಟಬಾರದು, ನೆಲ ಮುಟ್ಟಬಾರದು ಎಂದು ತಾವೇ ನನ್ನ ಜೊತೆ ಮೂಡಬಿದಿರೆಯ ಕಾಲೇಜಿಗೆ ಹೊರಟರು. ವೇಣೂರಿನ ದಾರಿಯುದ್ದಕ್ಕೂ ಕಲ್ಲು ಮೈಯೊರೆಸುವ ಹೊಸ ಬೈರಾಸಿನಲ್ಲಿ ಸುತ್ತಿಕೊಂಡು ಅವರ ಮಡಿಲಲ್ಲಿತ್ತು. ಬಸ್ಸು ಪ್ರತಿ ಹೊಂಡಕ್ಕೆ ಹಾರಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಇಂಥ ಕಲ್ಲಿಗೆ ನೀರು ತಾಗಿಸುವಂತಿಲ್ಲ. ಸ್ಪಿರಿಟ್ ಹನಿಸುತ್ತ ನಿಧಾನವಾಗಿ ಕೊಯ್ಯಬೇಕು. ಅತ್ತೆ ಪ್ರಯೋಗಾಲಯದ ಸ್ಟೂಲಿನಲ್ಲಿ ಕೂತು ಏನೋ ಗುಣುಗುಣಿಸುತ್ತಿದ್ದರು. ಅರ್ಧ ಕೊಯ್ದಿರಬೇಕು, ಅವರ ಮೊಬೈಲ್ ಬಡಿದುಕೊಂಡಿತು. ಮಾವ ತಲೆತಿರುಗಿ ಬಿದ್ದರಂತೆ. ನೆರೆಯವರು ಬೆಳ್ತಂಗಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ.

ಅತ್ತೆ ಫೋನ್ ಇಳಿಸಿ ಗರಗಸದ ಕೆಳಗಿನ ತಟ್ಟೆ ನೋಡಿದರು. ಸ್ಪಿರಿಟ್ ಕೆಂಪಾಗಿ ತೊಟ್ಟಿಕ್ಕುತ್ತಿತ್ತು.

"ರಕ್ತ! ನಿಲ್ಲಿಸು ಮಗಳೇ, ನಿಲ್ಲಿಸು. ನಾನು ಹೇಳಿದ್ದೆ ಅಲ್ವಾ?"

ಗರಗಸ ನಿಲ್ಲಿಸಿದೆ. ಓದಿದ್ದೆಲ್ಲ ಎಲ್ಲಿಗೆ ಹೋಯಿತೋ, ಮಾವನಿಗೆ ನಾನೇ ಏನೋ ಮಾಡಿಬಿಟ್ಟೆ ಎಂದೇ ಅನಿಸಿತು. ಆ ಕೆಂಪು ಏನೆಂದು ನನಗೆ ಗೊತ್ತಿತ್ತು. ಹೇಳಿದರೆ ಕಲ್ಲು ಕೆಡಿಸಿದ ಭಾರ ಅತ್ತೆಯ ಮೇಲೆ, ಹೇಳದಿದ್ದರೆ ಅವರಿಗೆ ದೈವದ ಕೋಪದ ಭಯ.

"ರಕ್ತ ಅಲ್ಲ ಅತ್ತೆ, ತುಕ್ಕು. ನೀವು ಹುಳಿ ಹಾಕಿ ತೊಳೆದ್ರಲ್ಲ, ಅದರಿಂದ ಆದದ್ದು."

"ನನ್ನಿಂದ ಆದದ್ದಾ? ಸತ್ಯ ಹೇಳು."

"ಸತ್ಯ."

"ದೈವಕ್ಕೆ ಕೋಪ ಬಂದದ್ದಲ್ಲ?"

"ಅಲ್ಲ."

"ಹಾಗಾದ್ರೆ ಬದುಕಿದೆ ಮಾರಾಯ್ತಿ," ಎಂದು ಅತ್ತೆ ದೊಡ್ಡ ಉಸಿರು ಬಿಟ್ಟರು. ತಪ್ಪು ತನ್ನದೇ ಎಂದು ತಿಳಿದು ಅಷ್ಟು ಹಗುರಾದವರನ್ನು ನಾನು ಬೇರೆ ಕಂಡಿಲ್ಲ. ಹೇಳಲು ಹಿಂಜರಿದ ನನಗೇ ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಮಾವ ಎದ್ದು ಕೂತಿದ್ದರು. ಕಲ್ಲು ಕೊಯ್ಯುವ ದಿನವೆಂದು ಉಪವಾಸ ಹಿಡಿದು, ಜೊತೆಗೆ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರಂತೆ. ಅತ್ತೆ ಅವರಿಗೆ ವಾರ್ಡಿಗೆಲ್ಲ ಕೇಳುವಂತೆ ಬೈದರು.

ಉಳಿದರ್ಧವನ್ನು ಆಮೇಲೆ, ಅತ್ತೆಯ ಎದುರೇ ಕೊಯ್ದೆ. ಅಂಚು ಪೂರ್ತಿ ಕೆಂಪು, ನಡುಭಾಗ ಮಾತ್ರ ಸ್ವಚ್ಛ, ಕಪ್ಪು ಚೂರು ಹಾಗೆಯೇ ಇತ್ತು. ಪುಂಡಿಗಳಿಗೆ, ಚೂರಿಗೆ ಶಾಸ್ತ್ರೀಯ ಹೆಸರು ಕೊಟ್ಟು ವರದಿ ಬರೆದೆ. ಕೆಂಪು ಅಂಚಿನ ಹತ್ತಿರ ಪೆನ್ನು ನಿಂತಿತು. ಮೊನ್ನೆ ಬಿದ್ದ ಕಲ್ಲಿಗೆ ಇಷ್ಟು ತುಕ್ಕು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅತ್ತೆಯನ್ನು ಜಗತ್ತಿನೆದುರು ಎಳೆಯುವುದು ಬೇಡವೆಂದು "ತೇವದಿಂದ" ಎಂದಷ್ಟೇ ಬರೆದು, ಅವರಿಗೆ ಓದಿ ಹೇಳಿದೆ.

"ಹುಳಿ ಎಲ್ಲಿ ಹೋಯ್ತು?" ಎಂದರು ಅತ್ತೆ. "ನಾನು ತೊಳೆದದ್ದು ಅಂತಲೇ ಬರಿ. ಇಲ್ಲದಿದ್ರೆ ನಾಳೆ ನೋಡಿದವರೂ ರಕ್ತ ಅಂತ ಹೆದರ್ತಾರೆ."